ಹಲ್ಲಿನ ಗುರುತಿನ ಕೋಲು

ಆ ಮೋಟಾರ್ ಸೈಕಲ್ಲಿಗೆ ನಾನು ಕೊಟ್ಟದ್ದು ನೂರ ಹತ್ತು ರೂಪಾಯಿ. ಮಾರಿದವರು ಕೇಳಿದ್ದು ನೂರ ಎಂಬತ್ತು. ಅವರು ಮಂಡ್ಯದಲ್ಲಿದ್ದ ನಾಲೆಯ ಓವರ್‌ಸಿಯರು. ವರ್ಗವಾಗಿತ್ತು, ಮನೆಯ ಸಾಮಾನು ಕಟ್ಟಿ ಆಗಿತ್ತು, ಗಾಡಿ ಮಾತ್ರ ಕೊಟ್ಟಿಗೆಯಲ್ಲಿ ಎರಡು ಮಳೆಗಾಲ ಕಂಡು ಸುಮ್ಮನೆ ನಿಂತಿತ್ತು. ನಾನು ಮೊದಲ ದಿನ ಬೆಲೆಯನ್ನೇ ಕೇಳಲಿಲ್ಲ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಸೀಟಿನ ಸ್ಪ್ರಿಂಗಿನ ತುಕ್ಕನ್ನು ಉಗುರಿನಿಂದ ಕೆರೆದು, ಏನೂ ಹೇಳದೆ ಎದ್ದು ಬಂದೆ. ಅವರು ರೈಲು ಹತ್ತಲು ಎರಡು ದಿನ ಉಳಿದಿದೆ ಎನ್ನುವಾಗ ಮತ್ತೆ ಹೋದೆ. ಅಷ್ಟಕ್ಕೇ ಎಪ್ಪತ್ತು ರೂಪಾಯಿ ಇಳಿಯಿತು. ಊರು ಬಿಡುವವರ ಸಾಮಾನಿಗೆ ಆತುರ ಬೀಳಬಾರದು, ಆತುರ ಅವರದಾಗಿರುತ್ತದೆ.

ಮೊನ್ನೆ ಸೊಸೆ ಮೊಮ್ಮಗನ ತಲೆಗೆ ಹಚ್ಚಲು ಹರಳೆಣ್ಣೆ ಕಾಯಿಸಲು ಇಟ್ಟಿದ್ದಳು. ಮಾತಿನಲ್ಲಿ ಮರೆತು ಬಾಣಲೆ ಸೀದಿತು. ಆ ಸೀದ ಹರಳೆಣ್ಣೆಯ ವಾಸನೆ ಹಜಾರಕ್ಕೆ ಬಂದದ್ದೇ ತಡ, ನಾನು ಓದುತ್ತಿದ್ದ ಪೇಪರನ್ನು ಮಡಿಸಿಟ್ಟು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಅದರೊಳಗೆ ಬೀಟೆ ಮರದ ಒಂದು ಮೊಳದ ಕೋಲು ಇದೆ. ಒಂದು ತುದಿ ನುಣುಪು. ಇನ್ನೊಂದು ತುದಿಯಲ್ಲಿ ಮೇಲೆ ಎರಡು, ಕೆಳಗೆ ಎರಡು, ನಾಲ್ಕು ಹಲ್ಲು ಕಚ್ಚಿದ ಗುಳಿ. ಆ ಹಲ್ಲು ಮದ್ದೂರಿನ ಅಕ್ಕಿ ಗಿರಣಿಯ ಎಂಜಿನ್ ಮೇಸ್ತ್ರಿಯವು. ಅವರನ್ನು ನೆನೆಯದೆ ಹರಳೆಣ್ಣೆಯ ವಾಸನೆ ನನಗೆ ಇಳಿಯುವುದಿಲ್ಲ...

ಗಾಡಿ ಯಾಕೆ ಬೇಕಾಯಿತು ಎಂದು ಹೇಳಬೇಕು. ಆಗ ನಾನು ಬೆಲ್ಲದ ದಲ್ಲಾಳಿ. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದ ಹೊಸತು. ಕಬ್ಬೆಲ್ಲ ಆ ಕಡೆ ತಿರುಗಿ, ಬೆಲ್ಲ ಮಾಡುವ ಆಲೆಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಅಚ್ಚಿನಿಂದ ಬೆಲ್ಲ ಕಳಚುವ ಹೊತ್ತಿಗೆ ಯಾರು ಮೊದಲು ಮುಟ್ಟುತ್ತಾನೋ ಅವನದು ವ್ಯಾಪಾರ. ಬೇರೆ ದಲ್ಲಾಳಿಗಳು ಬೈಸಿಕಲ್ಲಿನಲ್ಲಿ, ಎತ್ತಿನ ಗಾಡಿಯಲ್ಲಿ ಬರುತ್ತಿದ್ದರು. ನಾನು ಮದ್ದೂರು, ಮಳವಳ್ಳಿ ಎರಡನ್ನೂ ಮಧ್ಯಾಹ್ನದೊಳಗೆ ಸುತ್ತಿ ಬರಬಹುದಲ್ಲ ಎಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಎಣ್ಣೆಯ ಲೆಕ್ಕವೊಂದು ತಪ್ಪಿತು.

ಆ ಗಾಡಿಗೆ ಟ್ಯಾಂಕಿನ ಪಕ್ಕದಲ್ಲಿ ಒಂದು ಕೈಪಂಪು ಇತ್ತು. ನಾಲ್ಕೈದು ಮೈಲಿಗೊಮ್ಮೆ ಅದನ್ನು ಒತ್ತಿ ಎಂಜಿನ್ನಿಗೆ ಎಣ್ಣೆ ಕುಡಿಸಬೇಕು. ಓವರ್‌ಸಿಯರು ಬಿಟ್ಟುಹೋದ ಡಬ್ಬಿಯಲ್ಲಿ ಕಂಪನಿ ಎಣ್ಣೆ ಕಾಲುಭಾಗ ಉಳಿದಿತ್ತು. ಹೊಸ ಡಬ್ಬಿಯ ಬೆಲೆ ಕೇಳಿ ನನಗೆ ತಲೆ ತಿರುಗಿತು. ಬಂಡಿಯ ಕೀಲಿಗೆ ಹರಳೆಣ್ಣೆ ಹಾಕಿದರೆ ನಮ್ಮಪ್ಪನ ಕಾಲದಿಂದ ಓಡುತ್ತದೆ, ಇದಕ್ಕೇನು ದಾಡಿ? ಮನೆಯಲ್ಲೇ ತೆಗೆದ ಹರಳೆಣ್ಣೆಯನ್ನು ಆ ಕಂಪನಿ ಎಣ್ಣೆಯ ಮೇಲೇ ಸುರಿದೆ. ಹತ್ತು ಹನ್ನೆರಡು ದಿನ ಘಮಘಮ ಹೊಗೆ ಬಿಟ್ಟುಕೊಂಡು ಚೆನ್ನಾಗಿಯೇ ಓಡಿತು. ಹನಕೆರೆ ಸ್ಟೇಷನ್ ದಾಟಿದ ಮೇಲೆ ಒಂದು ಸಲ ನರಳಿ, ಹಿಂದಿನ ಚಕ್ರ ಹಿಡಿದುಕೊಂಡು ನಿಂತಿತು. ಒದ್ದರೆ ಕಿಕ್ಕು ಕೆಳಗೆ ಇಳಿಯದು. ಒಳಗೆ ಎರಡು ಎಣ್ಣೆ ಒಂದಕ್ಕೊಂದು ಸೇರದೆ ಅಂಟಾಗಿ ಕೂತಿತ್ತು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಮದ್ದೂರಿನ ಗಿರಣಿಗೆ ಭತ್ತ ಒಯ್ಯುತ್ತಿದ್ದ ಒಂದು ಬಂಡಿ ಬಂತು. ಬಂಡಿಯವನು ಮೂಟೆಗಳನ್ನು ಸರಿಸಿ ಜಾಗ ಮಾಡಿದ. ದಾರಿಹೋಕರು ನಾಲ್ಕು ಜನ ಸೇರಿ ಗಾಡಿ ಎತ್ತಿ ಮಲಗಿಸಿದರು. ನಾನು ಅದರ ಪಕ್ಕ ಕೂತೆ.

"ಗಂಟೆಗೆ ನಲ್ವತ್ ಮೈಲಿ ಓಯ್ತದೆ ಅಂತಾರಲ್ಲ ಅಣ್ಣ," ಅಂದ ಬಂಡಿಯವನು, ಹಿಂದೆ ತಿರುಗಿ ನೋಡದೆ. "ನಮ್ ಎತ್ತಿನ್ ಬಂಡಿ ಮ್ಯಾಲೆ ಬಿದ್ಕಂಡ್ರೆ ಎಷ್ಟ್ ಓಯ್ತದೆ?"

"ನಿನ್ ಎತ್ತಿಗೂ ಅರಳೆಣ್ಣೆ ಕುಡ್ಸು, ಗೊತ್ತಾಯ್ತದೆ," ಅಂದೆ. ಅವನು ನಕ್ಕ. ನನಗೆ ಸೋತು ಕೂತಿದ್ದಾಗಲೂ ಕೊನೆಯ ಮಾತು ನನ್ನದೇ ಆಗಬೇಕು. ಈ ಚಟವನ್ನು ಓದುವವರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಿರಣಿಯ ಅಂಗಳದಲ್ಲಿ ಇಳಿಸಿದಾಗ ಎಂಜಿನ್ ಕೋಣೆಯಿಂದ ಒಬ್ಬರು ಕೈ ಒರೆಸಿಕೊಳ್ಳುತ್ತ ಬಂದರು. ಐವತ್ತು ದಾಟಿದ ವಯಸ್ಸು, ಒಣಕಲು ಮೈ, ಮೊಣಕಾಲಿನ ಮೇಲಕ್ಕೆ ಕಟ್ಟಿದ ಪಂಚೆ. ಗಾಡಿಯ ಹೊಗೆಕೊಳವೆಗೆ ಮೂಗು ಒಡ್ಡಿದರು. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿದರು.

"ಬಾಣಂತಿಗೆ ಉಯ್ಯೋದ್ನ ಇದಕ್ಕೆ ಉಯ್ದಿದ್ದೀಯಲ್ಲಾ."

"ಸರಿ ಮಾಡೋಕೆ ಎಷ್ಟಾಯ್ತದೆ, ಅದ್ನ ಏಳಿ ಮೇಸ್ತ್ರೇ."

"ನಾನ್ ಮಾಡಲ್ಲ. ನೀನೇ ಬಿಚ್ಚು, ನೀನೇ ಕಟ್ಟು. ನಾನ್ ಕುಂತ್ಕಂಡು ನೋಡ್ತೀನಿ."

ನಾನು ಎರಡು ರೂಪಾಯಿ ಅಂದೆ. ಮೂರು ಅಂದೆ. ಅವರು ತಲೆ ಅಲ್ಲಾಡಿಸಿದರು. "ಇವತ್ ನಾನ್ ಮಾಡ್ಕೊಟ್ರೆ ನಾಳೀಕೆ ಇನ್ನೊಂದ್ ಎಣ್ಣೆ ಉಯ್ಕಂಡು ಬತ್ತೀಯ. ಬಿಚ್ಚು ಮೊದ್ಲು." ನನ್ನ ಜೀವನದಲ್ಲಿ ದುಡ್ಡನ್ನು ಏರಿಸಿದಷ್ಟೂ ಹಿಂದೆ ಸರಿದವರನ್ನು ನಾನು ಕಂಡದ್ದು ಅದೇ ಮೊದಲು.

ಅವರ ಕಲಿಸುವ ಕ್ರಮ ಬೇರೆ ಯಾರಲ್ಲೂ ನಾನು ನೋಡಿಲ್ಲ. ಮೊದಲು ಒಂದು ಬಾಳೆ ಎಲೆ ಕೊಯ್ದು ತರಬೇಕು. ಗಾಡಿಯ ಪಕ್ಕ ನೆರಳಿನಲ್ಲಿ, ಊಟಕ್ಕೆ ಹಾಕುವ ಹಾಗೆ, ತುದಿ ಎಡಕ್ಕೆ ಬರುವಂತೆ ಹಾಸಬೇಕು. ಬಿಚ್ಚಿದ್ದನ್ನೆಲ್ಲ ಅದರ ಮೇಲೆ ಬಡಿಸಬೇಕು. ಮೊದಲು ಬಿಚ್ಚಿದ ಸಣ್ಣ ಸ್ಕ್ರೂ ಉಪ್ಪಿನ ಜಾಗಕ್ಕೆ. ಆಮೇಲಿನದು ಉಪ್ಪಿನಕಾಯಿಯ ಜಾಗಕ್ಕೆ. ವಾಲ್ವು, ಅದರ ಸ್ಪ್ರಿಂಗು ಪಲ್ಯದ ಸಾಲಿಗೆ. ಪಿಸ್ಟನ್ನು ನಡುವೆ, ಅನ್ನ ಬೀಳುವ ಕಡೆ. ಕಟ್ಟುವಾಗ ಅನ್ನದಿಂದ ಹಿಂದಕ್ಕೆ ಉಪ್ಪಿನವರೆಗೆ ಬರಬೇಕು. ಓದು ಬಾರದವನಿಗೂ ಎಲೆಯ ಮೇಲೆ ಯಾವುದು ಎಲ್ಲಿ ಎಂಬುದು ಕೈಗೆ ಗೊತ್ತಿರುತ್ತದೆ, ಅದನ್ನು ಮತ್ತೆ ಕಲಿಸುವುದೇ ಬೇಡ ಎಂಬುದು ಅವರ ವಾದ.

ಮೊದಲ ಸಲ ಎಲ್ಲ ಕಟ್ಟಿ, ಬೆವರು ಒರೆಸಿಕೊಂಡು ಎದ್ದಾಗ ಉಪ್ಪಿನಕಾಯಿಯ ಜಾಗದಲ್ಲಿ ಒಂದು ನಟ್ಟು ಮಿಕ್ಕಿತ್ತು. ನಾನು ಮೆಲ್ಲಗೆ ಅದನ್ನು ಜೇಬಿಗೆ ಇಳಿಸಲು ನೋಡಿದೆ.

"ಎಲೆ ಮ್ಯಾಲೆ ಮಿಕ್ತು ಅಂದ್ರೆ ಉಣ್ಣೋದು ಮುಗ್ದಿಲ್ಲ ಕಣ್ಲಾ," ಅಂದರು. "ಮತ್ತೆ ಬಿಚ್ಚು."

ಹೀಗೆ ಮೂರು ತಿಂಗಳು, ವಾರಕ್ಕೆ ಎರಡು ಸಲ, ಮದ್ದೂರಿನ ಸುತ್ತಲ ವ್ಯಾಪಾರ ಮುಗಿಸಿ ಗಿರಣಿಗೆ ಹೋಗುತ್ತಿದ್ದೆ. ಅಂಟು ಹಿಡಿದ ಪಿಸ್ಟನ್ನನ್ನು ಚಾಕುವಿನಿಂದ ಕೆರೆಯಬಾರದು, ಸೀಮೆಎಣ್ಣೆಯಲ್ಲಿ ನೆನೆಸಿ ಬಿದಿರಿನ ಸೀಳಿನಿಂದ ಬಿಡಿಸಬೇಕು ಎಂದು ಕಲಿತೆ. ಎಂಜಿನ್ ಬಿಸಿಯಿದ್ದಾಗ ವಾಲ್ವು ಮುಟ್ಟಬಾರದು, ತಣಿದ ಮೇಲೆ ಅದರ ಬುಡದಲ್ಲಿ ಒಂದು ಪೋಸ್ಟ್ ಕಾರ್ಡು ಬಿಗಿಯಾಗಿ ಜಾರುವಷ್ಟು ಸಂದು ಬಿಡಬೇಕು ಎಂದು ಕಲಿತೆ. ಆ ಸಂದಿನ ವಿಷಯ ಎಷ್ಟು ಸಲ ಹೇಳಿದರೋ... ನಾನು ಪ್ರತಿ ಸಲ ಹೆಚ್ಚು ಬಿಡುತ್ತಿದ್ದೆ. ಅವರು ಗಾಡಿ ಚಾಲೂ ಮಾಡಿಸಿ, ಈ ಬೀಟೆ ಕೋಲಿನ ನುಣುಪು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಬೇರೆ ಮೇಸ್ತ್ರಿಗಳು ಕೋಲನ್ನು ಕಿವಿಗೆ ಇಟ್ಟುಕೊಳ್ಳುವುದನ್ನು ನೋಡಿದ್ದೆ. ಇವರದು ಇವರ ಅಭ್ಯಾಸ ಎಂದುಕೊಂಡೆ.

ಒಂದು ದಿನ ಗಿರಣಿ ನಡೆಯುತ್ತಿದ್ದಾಗ ಹೋಗಿ, ಅವರ ಬೆನ್ನ ಹಿಂದೆ ನಿಂತು ಕೂಗಿದೆ. ತಿರುಗಲಿಲ್ಲ. ಎಂಜಿನ್ ಸದ್ದಿಗೆ ಕೇಳಲಿಲ್ಲವೇನೋ ಎಂದು ಕಾದೆ. ಎಂಜಿನ್ ನಿಂತಿತು. ಆ ಮೌನದಲ್ಲಿ ಮತ್ತೆ ಎರಡು ಸಲ ಕೂಗಿದೆ. ಅವರು ಚಿಂದಿಯಿಂದ ಚಕ್ರ ಒರೆಸುತ್ತಲೇ ಇದ್ದರು. ಬಾಗಿಲ ಬಳಿ ಅಕ್ಕಿ ಕೇರುತ್ತಿದ್ದ ಹೆಂಗಸರಲ್ಲಿ ಹಿರಿಯಳು ಮೊರ ಕೆಳಗಿಟ್ಟು, ನನ್ನ ತೋಳು ಹಿಡಿದು, ಸುತ್ತಿಸಿಕೊಂಡು ಅವರ ಎದುರಿಗೆ ತಂದು ನಿಲ್ಲಿಸಿದಳು. ಕಿಟಕಿಯ ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ತಿರುಗಿಸಿದಳು.

"ಇಂಗ್ ನಿಂತ್ಕಂಡು ಮಾತಾಡಪ್ಪ. ತುಟಿ ಕಾಣ್ಬೇಕು."

ಮೇಸ್ತ್ರಿ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಗುಟ್ಟು ಬಯಲಾಯಿತೆಂದು ತಿಳಿಯಿತು. "ಕಿವಿ ಓಗಿ ಆರ್ ವರ್ಸ ಆಯ್ತು," ಅಂದರು. "ಅಲ್ಲು ಗಟ್ಟಿಯಾಗವೆ. ಅಲ್ಲಿನಾಗೆ ಕೇಳ್ತೀನಿ."

ಆಗ ನನಗೆ ಇನ್ನೊಂದು ವಿಷಯ ಅರ್ಥವಾಯಿತು. ಅವರ ಕಾಲಿನ ಹೆಬ್ಬೆರಳಿಗೆ ಒಂದು ಹುರಿ ಕಟ್ಟಿರುತ್ತಿತ್ತು. ಅದರ ಇನ್ನೊಂದು ತುದಿ ಗೋಡೆಯ ತೂತಿನಿಂದ ಆಚೆ ಹೋಗಿ, ಬೆಲ್ಟು ತಿರುಗುವ ಕಡೆ, ಹೆಂಗಸರ ಕೈಗೆ ಎಟುಕುವಂತೆ ತೂಗುತ್ತಿತ್ತು. ಯಾರ ಸೆರಗಾದರೂ ಬೆಲ್ಟಿಗೆ ಸಿಕ್ಕರೆ ಹುರಿ ಜಗ್ಗಬೇಕು. ಮೇಸ್ತ್ರಿ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು. ಗಿರಣಿಯ ಸಾಹುಕಾರರು ಅದನ್ನು ಸದ್ದಿನ ಮಧ್ಯೆ ಕೂಗುವ ಕಷ್ಟ ತಪ್ಪಿಸಲು ಮಾಡಿಕೊಂಡ ಜಾಣತನ ಎಂದುಕೊಂಡಿದ್ದರು. ಆರು ವರ್ಷದಲ್ಲಿ ಆ ಹುರಿಯಿಂದ ಒಂದು ಸಲ ಒಬ್ಬಳ ಜೀವವೇ ಉಳಿದಿತ್ತಂತೆ.

"ಸಾವ್ಕಾರ್ರಿಗೆ ತಿಳುದ್ರೆ ನನ್ ಅನ್ನ ಓಯ್ತದೆ," ಅಂದರು ಮೇಸ್ತ್ರಿ. "ಕಿವುಡನ್ನ ಎಂಜಿನ್ ತಾವ ಯಾರ್ ಮಡೀಕತ್ತಾರೆ? ಇಲ್ಲಿ ಎಲ್ರೂ ಬಾಯ್ ಮುಚ್ಕಂಡವ್ರೆ. ನೀನೂ..."

ನಾನು ಅವರ ಕೈ ಮೇಲೆ ಕೈಯಿಟ್ಟೆ. "ನನ್ ಬಾಯಿಂದ ಬರಲ್ಲ ಮೇಸ್ತ್ರೇ," ಅಂದೆ, ಬೆಳಕಿಗೆ ಮುಖ ಕೊಟ್ಟು, ಒಂದೊಂದೇ ಅಕ್ಷರ ಬಿಡಿಸಿ. ಅವರು ನನ್ನ ತುಟಿ ಓದಿ ತಲೆಯಾಡಿಸಿದರು.

ಇಪ್ಪತ್ತು ದಿನ ಕಳೆದಿರಬೇಕು, ಹೆಚ್ಚಿಲ್ಲ.

ಸಾಹುಕಾರರಿಗೆ ಅಳಿಯನ ಉಡುಗೊರೆಗೆ ಒಂದು ಮೋಟಾರ್ ಸೈಕಲ್ಲು ಬೇಕಾಗಿತ್ತು. ಅಂಗಳದಲ್ಲಿ ನನ್ನ ಗಾಡಿ ಮೊದಲ ಒದೆತಕ್ಕೇ ಚಾಲೂ ಆಗುವುದನ್ನು ಜಗುಲಿಯಿಂದ ನೋಡಿ, ಕರೆದು ಕೂರಿಸಿ, ಬೆಲೆ ಕೇಳಿದರು. ನನಗೆ ಮಾರುವ ಮನಸ್ಸು ಇರಲಿಲ್ಲ. ಆದರೆ ಯಾರಾದರೂ ಬೆಲೆ ಕೇಳಿದ ಮೇಲೆ ಅದನ್ನು ಏರಿಸದೆ ಏಳುವುದು ನನ್ನ ಜಾಯಮಾನವಲ್ಲ. ಇನ್ನೂರೈವತ್ತು ಅಂದೆ. ಜಗುಲಿಯಲ್ಲಿ ಭತ್ತದ ವ್ಯಾಪಾರಿಗಳು ಇಬ್ಬರು ಮೂವರು ಕೂತಿದ್ದರು. ಜನ ನೋಡುತ್ತಿದ್ದರೆ ನನ್ನ ನಾಲಿಗೆಗೆ ಇನ್ನೂ ಹುರುಪು.

"ಅಳೇ ಗಾಡಿ," ಅಂದರು ಸಾಹುಕಾರರು, ಎಲೆಗೆ ಸುಣ್ಣ ಸವರುತ್ತ. "ನಾಳೆ ಕೆಟ್ರೆ ನಮ್ ಅಳೀಮಯ್ಯ ಯಾರ್ ತಾವ ಓಡ್ಬೇಕು? ಅವ್ನಿಗೆ ಎಂಜಿನ್ ಸದ್ದು ತಿಳೀತದಾ?"

"ಸದ್ದು ಯಾಕ್ ತಿಳೀಬೇಕು ಸಾವ್ಕಾರ್ರೇ," ಅಂದೆ. "ನಿಮ್ ಮೇಸ್ತ್ರಿ ಕಿವಿ ಇಲ್ದೇ ಇಷ್ಟ್ ದೊಡ್ ಎಂಜಿನ್ ಸಾಕ್ತಾ ಅವ್ರೆ. ಎರಡ್ ಕಿವಿ ಇರೋ ಅಳೀಮಯ್ಯನ್ಗೆ ಇದೊಂದು ಆಟದ ಸಾಮಾನು."

ವ್ಯಾಪಾರಿಗಳು ನಕ್ಕರು. ಒಳ್ಳೆಯ ಮಾತು ಬಿತ್ತೆಂದು ನಾನೂ ನಕ್ಕೆ. ಆ ಗಳಿಗೆಯಲ್ಲಿ ನಾನು ಮೇಸ್ತ್ರಿಯನ್ನು ಹೊಗಳುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಸಾಹುಕಾರರು ಮಾತ್ರ ನಗಲಿಲ್ಲ. ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತ್ತು. ಅದನ್ನು ಕಂಡು ಮಾತು ತಿರುಗಿಸಲು ನೋಡಿದೆ. "ತಮಾಸೆಗೆ ಅಂದೆ," ಅಂದೆ. ಅವರು "ಊಂ" ಅಂದರು. ವ್ಯಾಪಾರ ಅಲ್ಲಿಗೇ ನಿಂತಿತು. ಗಾಡಿಯ ಬೆಲೆಯನ್ನು ಅವರು ಮತ್ತೆ ಕೇಳಲಿಲ್ಲ.

ಮಾರನೆಯ ದಿನ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ; ಮುಂದಿನ ವಾರ ಹೋದಾಗ ಆ ಕೇರುವ ಹಿರಿಯಳು ಹೇಳಿದಳು. ಎಂಜಿನ್ ನಿಲ್ಲಿಸಿದ ಹೊತ್ತು ನೋಡಿ ಸಾಹುಕಾರರು ಬಂದು, ಮೇಸ್ತ್ರಿಯ ಬೆನ್ನ ಹಿಂದೆ ನಿಂತು, ಹೆಸರು ಹಿಡಿದು ಕರೆದರಂತೆ. ಅವಳು ನೋಡಿದವಳೇ ಓಡಿ ಹೋಗಿ ಹುರಿ ಜಗ್ಗಿದಳಂತೆ. ಎಂಜಿನ್ ನಿಂತಿತ್ತಲ್ಲ, ಮೇಸ್ತ್ರಿ ಕಾಲಿನ ಹೆಬ್ಬೆರಳಿನ ಹುರಿ ಬಿಚ್ಚಿ ನೆಲಕ್ಕೆ ಹಾಕಿದ್ದರು. ಜಗ್ಗಿದ ಹುರಿ ಖಾಲಿಯಾಗಿ ಸರಸರನೆ ಅವಳ ಕೈಗೇ ಬಂತಂತೆ...

ಸಾಹುಕಾರರು ಕೆಟ್ಟವರಾಗಿರಲಿಲ್ಲ. ಹನ್ನೊಂದು ಜನ ಹೆಂಗಸರು ಬೆಲ್ಟಿನ ಪಕ್ಕ ದುಡಿಯುತ್ತಾರೆ, ನಾಳೆ ಏನಾದರೂ ಆದರೆ ಯಾರು ಜವಾಬು ಹೇಳಬೇಕು ಎಂದು ಅವರು ಅಂದದ್ದರಲ್ಲಿ ನ್ಯಾಯ ಇತ್ತು. ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಟ್ಟು, ಹೊಸ ಪಂಚೆ ಕೊಟ್ಟು ಕಳಿಸಿದರು. ಮೇಸ್ತ್ರಿ ಮಳವಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋದರು.

"ಆರ್ ವರ್ಸ ಅನ್ನೊಂದು ಎಂಗಸ್ರು ಬಾಯಿ ಬುಟ್ಟಿರ್ನಿಲ್ಲ," ಅಂದಳು ಆಕೆ, ಮೊರ ತಟ್ಟುತ್ತ. "ಯಾವ್ ಗಂಡ್ಸಿನ್ ಬಾಯ್ ಸೋರ್ತೋ ಕಾಣೆ ಕಣಪ್ಪ."

ನಾನು ಗಾಡಿ ತಳ್ಳಿಕೊಂಡು ಅಂಗಳದಿಂದ ಹೊರಗೆ ಬಂದೆ. ಕೊನೆಯ ಮಾತು ಬೇರೆಯವರದಾಗಲು ನಾನು ಬಿಟ್ಟದ್ದು ಅಂದು.

ಮೂರು ವಾರ ಬಿಟ್ಟು ಮಳವಳ್ಳಿಗೆ ಹೊರಟೆ. ಮದ್ದೂರು ಬಿಟ್ಟಾಗಿನಿಂದ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೇ ಹೋದೆ. ಹತ್ತು ಸಲ ಗಟ್ಟಿಯಾಗಿ ಹೇಳಿ ನೋಡಿದೆ; ಗಾಡಿಯ ಸದ್ದಿಗೆ ನನಗೇ ಕೇಳುತ್ತಿರಲಿಲ್ಲ. ಅವರು ತಂಗಿಯ ಮನೆಯ ಮುಂದೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಗಾಡಿ ಕಂಡದ್ದೇ ಎದ್ದು ಬಂದು, ನನ್ನನ್ನು ಮಾತಾಡಿಸುವ ಮೊದಲೇ, ಒಳಗಿಂದ ಕೋಲು ತಂದು ಎಂಜಿನ್ನಿಗೆ ಒತ್ತಿ ಕಚ್ಚಿದರು. ಅವರ ಮುಖದಲ್ಲಿ ಮೂರು ವಾರದ ಹಸಿವು ಕಾಣುತ್ತಿತ್ತು. ಅನ್ನದ ಹಸಿವಲ್ಲ ಅದು.

"ಒಗೆ ಬುಡೋ ಕಡೆ ವಾಲ್ವು ಸಡ್ಲ ಆಗದೆ," ಅಂದರು. "ತಣ್ಣಗಾಗ್ಲಿ. ಮಜ್ಗೆ ಕುಡಿ."

ಮಜ್ಜಿಗೆ ಕುಡಿದೆ. ಎಂಜಿನ್ ತಣಿಯಿತು. ಹೇಳಲು ಅಷ್ಟೂ ಹೊತ್ತು ಇತ್ತು. ಅವರು ಎದುರಿಗೇ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು, ಒಳ್ಳೆಯ ಬೆಳಕು. ನಾನು ಬೆಲ್ಲದ ಧಾರಣೆ ಹೇಳಿದೆ, ಮಳೆಯ ವಿಷಯ ಹೇಳಿದೆ. ಆಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿದು ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ, ಅವರಿಗೆ ಬೆನ್ನು ಮಾಡಿ. ಆ ಬೆನ್ನು ಮಾಡಿದ ಮೇಲೇ ನನಗೆ ಧೈರ್ಯ ಬಂದದ್ದು.

"ಮೇಸ್ತ್ರೇ, ಸಾವ್ಕಾರ್ರಿಗೆ ಏಳುದ್ದು ನಾನೇ," ಅಂದೆ, ಎಂಜಿನ್ನಿಗೆ.

ಹಿಂದಿನಿಂದ ಕೈ ಬಂದು ನನ್ನ ಭುಜದ ಮೇಲೆ ಬಿತ್ತು. "ದವ್ಡೆ ಆಡ್ತಲ್ಲ. ಏನೋ ಅಂದೆ?"

ತಿರುಗಿದೆ. ಬಿಸಿಲು ನೇರ ನನ್ನ ಮುಖಕ್ಕೆ ಬೀಳುತ್ತಿತ್ತು. ಅವರ ಕಣ್ಣು ನನ್ನ ತುಟಿಯ ಮೇಲಿತ್ತು.

"ಸಂದು ಎಷ್ಟ್ ಬುಡ್ಬೇಕು ಅಂದೆ," ಅಂದೆ.

"ಪೋಸ್ಟ್ ಕಾರ್ಡು ಕಣ್ಲಾ," ಅಂದರು. "ಎಷ್ಟ್ ಸಲ ಏಳ್ಲಿ ನಿಂಗೆ."

ಹೊರಡುವಾಗ ಆ ಕೋಲನ್ನು ನನ್ನ ಕೈಗೆ ಕೊಟ್ಟರು. "ಇಲ್ಲಿ ಎಂಜಿನ್ ಎಲ್ಲದೆ? ನೀನೇ ಮಡೀಕೋ." ಅದನ್ನು ಸೀಟಿನ ಹಿಂದೆ ಕಟ್ಟಿಕೊಂಡೆ. ಆಲೆಮನೆಯ ಸುಗ್ಗಿ ಮುಗಿಯಲಿ, ಮತ್ತೆ ಬಂದು ಸರಿಯಾಗಿ ಹೇಳುತ್ತೇನೆ ಎಂದುಕೊಂಡೆ. ಸುಗ್ಗಿ ಮುಗಿಸಿ ಹೋದಾಗ ಬಾಗಿಲು ತೆರೆದ ಅವರ ತಂಗಿ, ಅಣ್ಣ ಹೋಗಿ ಒಂದು ತಿಂಗಳಾಯಿತೆಂದಳು. ಜ್ವರ ಬಂದು ನಾಲ್ಕೇ ದಿನವಂತೆ. ಕೊನೆಯವರೆಗೂ ಯಾವ ಗಾಡಿ ಬೀದಿಯಲ್ಲಿ ಹೋದರೂ ನೆಲದ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರಂತೆ...

ಅವರಿಗೆ ಗೊತ್ತಿತ್ತೋ ಇಲ್ಲವೋ ಎಂದು ನಾನು ಬಹಳ ಕಾಲ ಲೆಕ್ಕ ಹಾಕಿದ್ದೇನೆ. ಗೊತ್ತಿದ್ದರೆ ಕೋಲು ಕೊಡುತ್ತಿರಲಿಲ್ಲ ಎಂದು ಒಂದು ಸಲ ಅನ್ನಿಸುತ್ತದೆ. ಗೊತ್ತಿದ್ದೇ ಕೊಟ್ಟರೇನೋ ಎಂದು ಇನ್ನೊಂದು ಸಲ. ಯುದ್ಧ ಬಂದು ಪೆಟ್ರೋಲು ಸಿಗದಾದಾಗ ಗಾಡಿ ಮಾರಿದೆ. ಕೊಂಡದ್ದಕ್ಕಿಂತ ಹೆಚ್ಚಿಗೇ ಮಾರಿದೆ. ಆ ವ್ಯಾಪಾರದ ಸುಖ ನನಗೆ ನೆನಪಿಲ್ಲ. ಮೊನ್ನೆ ಟ್ರಂಕಿನಿಂದ ಕೋಲು ತೆಗೆದು, ಯಾರೂ ನೋಡದಾಗ, ಆ ಗುಳಿಗಳಿಗೆ ನನ್ನ ಹಲ್ಲು ಇಟ್ಟು ನೋಡಿದೆ. ನನ್ನವು ಕೂರುವುದಿಲ್ಲ. ಮುಂದಿನ ಎರಡು ಬಿದ್ದುಹೋಗಿವೆ.

ಹಳೆಯ ಮೋಟಾರ್ ಸೈಕಲ್ಲು ಕೊಂಡು ಸ್ವಂತ ಕೈಯಿಂದ ರಿಪೇರಿ ಕಲಿಯಬೇಕೆಂಬ ಆಸೆ ಇರುವವರಿಗೆ ನಾನು ಹೇಳುವುದು ಇಷ್ಟು. ಎಣ್ಣೆಯಲ್ಲಿ ಕಾಸು ಉಳಿಸಬೇಡಿ. ಒಂದು ಎಣ್ಣೆಯ ಮೇಲೆ ಇನ್ನೊಂದನ್ನು ಸುರಿಯಲೇಬೇಡಿ. ಬಿಚ್ಚುವ ಮೊದಲು ಎಲೆ ಹಾಸಿ, ಬಾಳೆ ಎಲೆ ಸಿಗದಿದ್ದರೆ ಪೇಪರು ಹಾಸಿ, ಆದರೆ ಊಟದ ಕ್ರಮ ತಪ್ಪಬೇಡಿ. ಮಿಕ್ಕಿದ ನಟ್ಟನ್ನು ಜೇಬಿಗೆ ಇಳಿಸಬೇಡಿ. ವಾಲ್ವಿಗೆ ಪೋಸ್ಟ್ ಕಾರ್ಡಿನಷ್ಟೇ ಸಂದು, ಎಂಜಿನ್ ತಣ್ಣಗಿರುವಾಗ. ಕಲಿಸಿದವರಿಗೆ ಹೇಳಲೇಬೇಕಾದ ಮಾತು ಏನಾದರೂ ಇದ್ದರೆ ಸುಗ್ಗಿ ಮುಗಿಯಲಿ ಎಂದು ಕಾಯಬೇಡಿ. ಗಾಡಿ ನಿಲ್ಲಿಸಿ, ಕೈ ಒರೆಸಿಕೊಳ್ಳಿ. ಸುತ್ತಿ ಬಂದು ಅವರ ಎದುರಿಗೆ ನಿಂತು, ಬೆಳಕು ನಿಮ್ಮ ಮುಖಕ್ಕೆ ಬೀಳುವ ಹಾಗೆ ತಿರುಗಿ, ಆಮೇಲೆ ಬಾಯಿ ತೆರೆಯಿರಿ.